ಪವರ್ ಸಪ್ಲೈ ಫ್ಯಾನ್ ಯಾವ ಕಡೆಗೆ?

ಈಗಿನ ಹೆಚ್ಚಿನ ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿ 120ರಿಂದ 140 ಮಿಲಿಮೀಟರ್ ಅಗಲದ ಒಂದೇ ಫ್ಯಾನ್ ಇರುತ್ತದೆ. ಅದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ; ಬಿಸಿಗಾಳಿ ಹಿಂಬದಿಯ ಜಾಲರಿಯಿಂದ ಹೊರಹೋಗುತ್ತದೆ. ಆದ್ದರಿಂದ ಫ್ಯಾನಿನ ಮುಖ ತಣ್ಣನೆಯ, ಶುಚಿಯಾದ ಗಾಳಿ ಸಿಗುವ ಕಡೆಗಿರಬೇಕು.

1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯ ಹಳೆಯ ಕೇಸುಗಳಲ್ಲಿ ಪವರ್ ಸಪ್ಲೈ ಮೇಲ್ಭಾಗದಲ್ಲಿರುತ್ತಿತ್ತು. ಅಂಥವುಗಳಲ್ಲಿ ದೊಡ್ಡ ಫ್ಯಾನಿನ ಪವರ್ ಸಪ್ಲೈ ಹಾಕುವುದಾದರೆ ಫ್ಯಾನ್ ಕೆಳಮುಖವಾಗಿಯೇ ಇರಬೇಕು. ಮೇಲಿನ ತಗಡಿಗೆ ಮುಖಮಾಡಿದರೆ ಗಾಳಿಯೇ ಸಿಗದು.

ಈಗ ಪವರ್ ಸಪ್ಲೈ ತಳಕ್ಕೆ ಇಳಿದಿದೆ. ತಳದಲ್ಲಿ ರಂಧ್ರ, ದೂಳು ತಡೆಯುವ ಜಾಲರಿ, ಎತ್ತರದ ಪಾದಗಳು ಇದ್ದರೆ ಫ್ಯಾನ್ ಕೆಳಮುಖವಾಗಿರುವುದು ಒಳ್ಳೆಯದು. ಗ್ರಾಫಿಕ್ಸ್ ಕಾರ್ಡಿನ ಬಿಸಿ ಅದಕ್ಕೆ ತಾಗದು. ತಳ ಮುಚ್ಚಿದ್ದರೆ ಅಥವಾ ಕೇಸ್ ಜಮಖಾನೆಯ ಮೇಲಿದ್ದರೆ ಮೇಲ್ಮುಖವೇ ಸರಿ. ಆದರೆ ಆಗ ಬಿದ್ದ ಸ್ಕ್ರೂ ನೇರ ಫ್ಯಾನಿನೊಳಗೆ ಹೋಗಬಹುದು.

ಸಕಲೇಶಪುರ, ಆಲೂರಿನ ಗುಡ್ಡಸೀಮೆಯಲ್ಲಿ ಸೆಕೆಗಿಂತ ತೇವವೇ ದೊಡ್ಡ ತೊಂದರೆ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ದೀಪಕ್ಕೆ ಹುಳಗಳು ಮುತ್ತುತ್ತವೆ. ಬೇಸಿಗೆಯಲ್ಲಿ ಮಣ್ಣುರಸ್ತೆಯ ಕೆಂಪು ದೂಳು. ಫ್ಯಾನ್ ಕೆಳಮುಖವಾಗಿದ್ದರೆ ಕೇಸನ್ನು ಸ್ಟೂಲಿನ ಮೇಲಿಟ್ಟು, ಗೋಡೆಯಿಂದ ದೂರ ಸರಿಸಿ, ಜಾಲರಿಯನ್ನು ಆಗಾಗ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ತೇವ ಹಿಡಿದ ದೂಳು ಸರ್ಕ್ಯೂಟಿನ ಮೇಲೆ ಕೂತರೆ ಫ್ಯಾನಿನ ದಿಕ್ಕು ಸರಿಯಿದ್ದೂ ಪ್ರಯೋಜನವಿಲ್ಲ. ಆದರೂ ಪವರ್ ಸಪ್ಲೈಯನ್ನೇ ಬಿಚ್ಚಬಾರದು: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.