ಮೆನ್ನೊನೈಟ್ ಅತಿಥಿಗಳೂ ನಮ್ಮ ಪಾಠಶಾಲೆಯೂ

ಕಳೆದ ಚಳಿಗಾಲದಲ್ಲಿ ನಾಲ್ವರು ಮೆನ್ನೊನೈಟ್ ಅತಿಥಿಗಳು ಹೊಸಪೇಟೆಗೆ ಬಂದು, ಮೂರು ದಿನ ನಮ್ಮ ಬೋರ್ಡಿಂಗಿನಲ್ಲಿಯೇ ಇಳಿದುಕೊಂಡಿದ್ದರು. ಇದನ್ನು ಕೇಳಿದ ಪೋಷಕರನೇಕರು, "ಇವರಾರು? ಇವರ ಸಭೆಯೂ ನಿಮ್ಮ ಸಭೆಯೂ ಒಂದೆಯೋ, ಬೇರೆಯೋ?" ಎಂದು ವಿಚಾರಿಸಿರುವರು. ಹಳೆಯ ವಿದ್ಯಾರ್ಥಿನಿಯರೂ ಕಾಗದ ಬರೆದು ಕೇಳಿರುವರು. ಆದುದರಿಂದ ಆ ವಿಷಯವನ್ನು ಈ ಸಂಚಿಕೆಯಲ್ಲಿ ತುಸು ವಿವರಿಸುವುದು ಉಚಿತವೆಂದೆಣಿಸಿದ್ದೇವೆ.

ಸ್ವಿಟ್ಸರ್ಲೆಂಡಿನ ಜೂರಿಕ್ ಪಟ್ಟಣದಲ್ಲಿ 1525ರಲ್ಲಿ ಕೆಲವರು, ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ಸಲ್ಲದು, ತಿಳಿವಳಿಕೆ ಬಂದವನು ತಾನಾಗಿ ನಂಬಿ, ತನ್ನ ಬಾಯಿಂದಲೇ ಒಪ್ಪಿಕೊಂಡ ಬಳಿಕವೇ ಅದು ಆಗತಕ್ಕದ್ದು ಎಂದು ಹೇಳಿ ಬೇರೆಯಾದರು. ಹಾಲೆಂಡಿನ ಪಾದ್ರಿಯಾಗಿದ್ದ ಮೆನ್ನೊ ಸೈಮನ್ಸನು 1536ರಲ್ಲಿ ರೋಮನ್ ಕಥೋಲಿಕ ಸಭೆಯನ್ನು ಬಿಟ್ಟು ಈ ಪಂಗಡವನ್ನು ಸೇರಿ, ಚದುರಿಹೋಗಿದ್ದವರನ್ನು ಕೂಡಿಸಿ ನಡೆಯಿಸಿದನು. ಅವನ ಹೆಸರಿನಿಂದಲೇ ಇವರಿಗೆ ಮೆನ್ನೊನೈಟರೆಂದು ಹೆಸರಾಯಿತು. ಆಯುಧ ಹಿಡಿಯಬಾರದು, ಆಣೆಯಿಡಬಾರದು ಎಂಬುದೂ ಇವರ ಪರಂಪರೆಯ ನಿಯಮಗಳು.

ಈ ನಂಬಿಕೆಗಾಗಿ ಇವರು ಪಟ್ಟ ಬಾಧೆ ಅಷ್ಟಿಷ್ಟಲ್ಲ. 1527ರಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬಾತನನ್ನು ಜೂರಿಕ್ಕಿನ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ಅನ್ಯಮತದವರಲ್ಲ, ಸುಧಾರಿತ ಸಭೆಯ ಪಕ್ಷದವರೇ! ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರಿಂದ ನಮ್ಮ ಸೀಮೆಯಲ್ಲಿ ಮೊಳೆತ ಸಭೆಯು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಐಕ್ಯವಾಯಿತಷ್ಟೆ. ಆ ಐಕ್ಯಕ್ಕೆ ಸೇರಿದ ಸಭೆಗಳಲ್ಲಿ ಕೆಲವಕ್ಕೆ ಸ್ವಿಸ್ ಸುಧಾರಕರ ಬೋಧನೆಯೂ ಒಂದು ಬೇರು. ಆದಕಾರಣ ಈ ವೃತ್ತಾಂತವನ್ನು ಪರರ ಜಗಳವೆಂದು ಓದಿಬಿಡುವ ಹಕ್ಕು ನಮಗಿಲ್ಲ. ಜೂರಿಕ್ಕಿನ ಸುಧಾರಿತ ಸಭೆಯವರು 2004ರಲ್ಲಿಯೂ, ಲೂಥರನ ಸಭೆಗಳ ಲೋಕಸಂಘದವರು 2010ರಲ್ಲಿಯೂ ಮೆನ್ನೊನೈಟರ ಮುಂದೆ ತಪ್ಪೊಪ್ಪಿಕೊಂಡು ಕ್ಷಮೆ ಬೇಡಿದರು.

ಇವರು ನಮಗೆ ದೂರದವರೂ ಅಲ್ಲ. ರಷ್ಯಾದ ಮೆನ್ನೊನೈಟರಾದ ಅಬ್ರಹಾಂ ಫ್ರೀಸನ್ ದಂಪತಿಗಳು 1890ರ ಸುಮಾರಿಗೆ ಹೈದರಾಬಾದ್ ಸಂಸ್ಥಾನದ ನಲಗೊಂಡೆಯಲ್ಲಿ ಬ್ಯಾಪ್ಟಿಸ್ಟರೊಡಗೂಡಿ ಸೇವೆಗೆ ತೊಡಗಿದರು. ಕೃಷ್ಣೆಯ ಆಚೆಯ ಮಹಬೂಬನಗರದ ಕಡೆ ಇವರ ಸಭೆಗಳು ಇಂದಿಗೂ ಇವೆ. ನಮ್ಮ ಅತಿಥಿಗಳಲ್ಲಿ ಇಬ್ಬರು ಆ ಸೀಮೆಯ ತೆಲುಗು ಸಹೋದರಿಯರು. ಮಿಕ್ಕಿಬ್ಬರು ಕೆನಡಾ ದೇಶದ ವೃದ್ಧ ದಂಪತಿಗಳು.

ಅವರು ಬಂದಿಳಿದಾಗ ನಮ್ಮ ಹುಡುಗಿಯರು ಮನೆಯ ಪದ್ಧತಿಯಂತೆ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಅದನ್ನು ಕಂಡು ಆ ವೃದ್ಧರ ಕಣ್ಣು ತುಂಬಿತು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಂತೆ ಒಬ್ಬರ ಪಾದಗಳನ್ನೊಬ್ಬರು ತೊಳೆಯುವ ಆಚಾರವು ಅನೇಕ ಮೆನ್ನೊನೈಟ್ ಸಭೆಗಳಲ್ಲಿದೆಯೆಂದು ನಮಗೆ ಆಗ ತಿಳಿಯಿತು.

ಅಂದಿನ ಸಾಯಂಪ್ರಾರ್ಥನೆಯಾದ ಮೇಲೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, "ಅಮ್ಮನವರೇ, ನನಗೆ ಶಿಶುವಾಗಿದ್ದಾಗ ದೀಕ್ಷಾಸ್ನಾನವಾಯಿತು. ತಮ್ಮ ಲೆಕ್ಕದಲ್ಲಿ ಅದು ದೀಕ್ಷಾಸ್ನಾನವೇ ಅಲ್ಲವೇನು?" ಎಂದು ಕೇಳಿದಳು. ಅತಿಥಿಗಳ ಮನಸ್ಸು ನೊಂದೀತೆಂದು ನಾವು ಅವಳಿಗೆ ಕುಳಿತುಕೊಳ್ಳುವಂತೆ ಸನ್ನೆ ಮಾಡಿದೆವು. ಆದರೆ ತೆಲುಗು ಸಹೋದರಿಯು ನಮ್ಮನ್ನು ತಡೆದು, "ಕೇಳಲಿ ಬಿಡಿರಿ. ಮಗಳೇ, ನಮ್ಮ ಸಭೆಗೆ ಸೇರಬೇಕೆಂದರೆ ನಿನ್ನ ಬಾಯಿಂದಲೇ ಒಪ್ಪಿಗೆ ಬೇಕೆನ್ನುವೆವು. ಈ ಭೇದವನ್ನು ನಾನು ಮುಚ್ಚಿಡಲಾರೆ. ಆದರೆ ನೀನು ಯೇಸುವಿನವಳಲ್ಲವೆನ್ನಲು ನಾನಾರು?" ಎಂದರು. ನಮ್ಮ ಸೀಮೆಯಲ್ಲಿ ತೆಲುಗು ತಿಳಿಯದವರು ಕಡಮೆ, ಸಭೆಯೆಲ್ಲ ನಿಶ್ಶಬ್ದವಾಯಿತು. ನಮ್ಮಲ್ಲಿಯೂ ಮಕ್ಕಳು ಬುದ್ಧಿ ಬಂದ ಮೇಲೆ ದೃಢೀಕರಣದಲ್ಲಿ ತಮ್ಮ ಬಾಯಿಂದಲೇ ನಂಬಿಕೆಯನ್ನು ಅರಿಕೆಮಾಡುವುದುಂಟೆಂದು ನಾವು ತಿಳಿಸಿದೆವು. ಸ್ನಾನದ ಕಾಲದಲ್ಲಿ ಭೇದವುಂಟು. ಒಬ್ಬರ ನಂಬಿಕೆಯನ್ನು ಮತ್ತೊಬ್ಬರು ಬಲಾತ್ಕಾರದಿಂದ ಹುಟ್ಟಿಸಲಾಗದೆಂಬುದರಲ್ಲಿ ಭೇದವಿಲ್ಲ. ನಮ್ಮ ಹಿಂದೂ ಮುಸಲ್ಮಾನ ಪೋಷಕರೂ ಈ ಮಾತನ್ನು ಮೆಚ್ಚುವರೆಂದು ನಂಬುತ್ತೇವೆ.

ಮರುದಿನ ಅತಿಥಿಗಳೊಡನೆ ಹಂಪೆಗೆ ಹೋದೆವು. 1565ರ ಯುದ್ಧದ ತರುವಾಯ ಹಾಳಾದ ಆ ನಗರವನ್ನು ನೋಡಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಯುಧದ ವಿಷಯದಲ್ಲಿ ನಮ್ಮಲ್ಲಿ ಒಮ್ಮತ ಉಂಟಾಗಲಿಲ್ಲ. ನಮ್ಮ ಬಾಲಕಿಯರಲ್ಲಿ ಸೈನಿಕರ ಮಕ್ಕಳೂ ಇರುವರು. ಆಗ ನಾವು ಇದೇ ರಾಜಧಾನಿಯ ಬುಕ್ಕರಾಯನ 1368ರ ಶಾಸನದ ವಿಷಯವನ್ನು ಹೇಳಿದೆವು. ಆನೆಗೊಂದಿಯೇ ಮೊದಲಾದ ಸ್ಥಳಗಳ ಜೈನರು ವೈಷ್ಣವರಿಂದ ತಮಗಾದ ಅನ್ಯಾಯವನ್ನು ಬಿನ್ನವಿಸಿಕೊಂಡಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಇವರನ್ನು ಕಾಯುವ ಹೊಣೆ ನಿಮ್ಮದೆಂದು ವಿಧಿಸಿದನು. ಮತವನ್ನು ಬಿಡಿರೆಂದು ಯಾರಿಗೂ ಹೇಳಲಿಲ್ಲ.

ಕಡೆಯ ದಿನ ಕಂಪ್ಲಿಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯವರು ಹಳೆಯ ಸೀರೆಯ ತುಂಡುಗಳಿಂದ ಹೊಲಿದ ಕೌದಿಯೊಂದನ್ನು ತಂದುಕೊಟ್ಟರು. ಸಂಡೂರಿನ ಬಾಲಕಿಯರು ಲಂಬಾಣಿ ಕಸೂತಿಯನ್ನು ತೋರಿಸಿದರು. ಕೆನಡಾದ ತಾಯಿಯವರು ಕೌದಿಯನ್ನು ಮಡಿಲಲ್ಲಿರಿಸಿಕೊಂಡು, ತಮ್ಮ ಸಭೆಯ ಹೆಂಗಸರೂ ಹೀಗೆಯೇ ತುಂಡುಬಟ್ಟೆಗಳನ್ನು ಕೂಡಿಸಿ ಹೊದಿಕೆ ಹೊಲಿದು, ನಿರಾಶ್ರಿತರಿಗೆ ಕಳುಹಿಸುವರೆಂದರು. ರಷ್ಯಾದ ಕ್ಷಾಮಪೀಡಿತರಿಗೆ ಅನ್ನವೀಯಲು 1920ರಲ್ಲಿ ಹುಟ್ಟಿದ ಮೆನ್ನೊನೈಟ್ ಕೇಂದ್ರ ಸಮಿತಿಯು ಇಂದಿಗೂ ಇಂಥ ಹೊದಿಕೆಗಳನ್ನು ಹಂಚುತ್ತಿದೆ. ಆ ಮಧ್ಯಾಹ್ನವೆಲ್ಲ ಅಜ್ಜಿಯವರೂ ಅವರೂ ಭಾಷೆಯಿಲ್ಲದೆಯೇ ಜೊತೆಯಾಗಿ ಕುಳಿತು ಹೊಲಿದರು.

ಭೇದವನ್ನು ಮರೆಮಾಚುವುದೇ ಸತ್ಕಾರವೆಂದು ನಾವು ತಿಳಿದಿದ್ದೆವು. ನಮ್ಮ ಬಾಲಕಿಯ ಪ್ರಶ್ನೆಯು ನಮ್ಮನ್ನು ತಿದ್ದಿತು. ಹಳೆಯ ವಿದ್ಯಾರ್ಥಿನಿಯರೇ, ನೀವು ಸೇರಿದ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಇಂಥ ಪ್ರಶ್ನೆ ಎದ್ದಾಗ ಕೇಳಿದವರನ್ನು ಕುಳ್ಳಿರಿಸಬೇಡಿರಿ. ನಿಜವಾದ ಉತ್ತರವನ್ನು ಪ್ರೀತಿಯಿಂದ ಕೊಡಿರಿ. ಬಳಿಕ ಸೂಜಿದಾರ ತೆಗೆದುಕೊಂಡು ಜೊತೆಯಲ್ಲಿ ಕುಳಿತುಕೊಳ್ಳಿರಿ.