ಗೇಮ್ ಬಾಯ್ ಫೋನ್ ಹಚ್ಚಿದ ಕಾಲ

1999! ಐಫೋನ್ ಹುಟ್ಟಲು ಇನ್ನೂ ಎಂಟು ವರ್ಷ. ಆಗಲೇ ಕ್ಯೋಟೋದ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ, ಅದೇ ಕಸುಬಿನ ಕೊನಾಮಿಯನ್ನು ಜೊತೆಗೆ ಹಾಕಿಕೊಂಡು ಹೊಸದೊಂದು ಸಂಸ್ಥೆ ಕಟ್ಟಿತು. ಹೆಸರು ಮೊಬೈಲ್ 21. ಅದರ ಕೆಲಸ ಏನು ಗೊತ್ತೇ? ಬರಲಿದ್ದ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ, ಮೊಬೈಲ್ ಫೋನಿನ ಮೂಲಕ ಲೋಕದ ಜೊತೆ ಮಾತಾಡಬಲ್ಲ ಆಟಗಳನ್ನು ರೂಪಿಸುವುದು!

ಕನಸು ಕಾಗದದಲ್ಲೇ ಉಳಿಯಲಿಲ್ಲ ಎಂಬುದೇ ಸೋಜಿಗ. 2001ರ ಜನವರಿ 27ರಂದು ಜಪಾನಿನ ಅಂಗಡಿಗಳಿಗೆ ಮೊಬೈಲ್ ಅಡಾಪ್ಟರ್ ಜಿಬಿ ಬಂದೇಬಿಟ್ಟಿತು. ಬೆಲೆ 5,800 ಯೆನ್. ಒಂದು ತುದಿ ಫೋನಿಗೆ, ಇನ್ನೊಂದು ತುದಿ ಗೇಮ್ ಬಾಯ್‌ಗೆ. ಅಕ್ಕಪಕ್ಕ ಕೂತ ಇಬ್ಬರು ಹುಡುಗರು ಕೇಬಲ್ ಹಾಕಿ ಆಡುತ್ತಿದ್ದ ಅದೇ ಕಿಂಡಿ! ಫೋನಿನ ಬಗೆಗೆ ತಕ್ಕಂತೆ ಅಡಾಪ್ಟರಿನ ಬಣ್ಣ: ನೀಲಿ, ಹಳದಿ, ಕೆಂಪು.

ಒಳಗೆ ನಡೆಯುತ್ತಿದ್ದುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಗೇಮ್ ಬಾಯ್ ಮೊದಲು ಎರಡು ಗುರುತಿನ ಬೈಟ್ ಕಳಿಸುತ್ತದೆ: ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ 99, 66. ಆಮೇಲೆ ‘ನಿಂಟೆಂಡೊ’ ಎಂಬ ಎಂಟು ಇಂಗ್ಲಿಷ್ ಅಕ್ಷರ. ಅಡಾಪ್ಟರ್ ಅದೇ ಎಂಟಕ್ಷರವನ್ನು ಒಪ್ಪಿಸಿದರೆ ಸರಿ, ಮಾತುಕತೆ ಶುರು. ನಂಬರ್ ತಿರುಗಿಸಿ ಇಂಟರ್ನೆಟ್ಟಿಗೆ ದಾರಿ ಮಾಡಿಕೊಡುವುದು ಅಡಾಪ್ಟರಿನ ಪಾಲು. ಮೇಲ್ ತರುವುದು, ಕಳಿಸುವುದು, ಪುಟ ಇಳಿಸಿಕೊಳ್ಳುವುದೆಲ್ಲ ಆಟದ್ದೇ ಪಾಲು! ಆಗ ಕೈಯಲ್ಲಿದ್ದ ಗೇಮ್ ಬಾಯ್ ಕಲರ್‌ಗಿದ್ದದ್ದು ಎಂಟು ಬಿಟ್ಟಿನ ಪ್ರೊಸೆಸರು, 32 ಕಿಲೋಬೈಟ್ ಕೆಲಸದ ಮೆಮೊರಿ. ಇವತ್ತು ಬೆಳಬೆಳಿಗ್ಗೆ ಬಂದು ಬೀಳುವ ಒಂದು ‘ಶುಭೋದಯ’ ಚಿತ್ರ ಕೂಡ ಅದರಲ್ಲಿ ಹಿಡಿಸಲಿಕ್ಕಿಲ್ಲ.

ಅಷ್ಟರಲ್ಲೇ ಏನೇನು ಮಾಡಿದರು! ಪೋಕೆಮಾನ್ ಕ್ರಿಸ್ಟಲ್ ಆಟದಲ್ಲಿ ನಿಮ್ಮದೊಂದು ಪೋಕೆಮಾನ್ (ಆಟದೊಳಗಿನ ಪ್ರಾಣಿ) ಬಿಟ್ಟು, ಬದಲಿಗೆ ಇಂಥದ್ದು ಬೇಕೆಂದು ಬರೆದಿಟ್ಟರೆ, ಜಪಾನಿನ ಇನ್ನಾವುದೋ ಮೂಲೆಯ ಗುರುತಿಲ್ಲದವರ ಜೊತೆ ಅದಲುಬದಲು. ಗೆಳೆಯನಿಗೆ ಫೋನ್ ಹಚ್ಚಿ ಕಾಳಗವನ್ನೂ ಆಡಬಹುದಿತ್ತು, ಆದರೆ ದಿನಕ್ಕೆ ಹತ್ತೇ ನಿಮಿಷ. (ಮನೆಯ ಫೋನ್ ಬಿಲ್ ಕಟ್ಟುವವರ ಮೇಲೆ ಯಾರಿಗೋ ಕರುಣೆ ಇದ್ದಿರಬೇಕು.) ಮಾರಿಯೋ ಕಾರ್ಟ್ ಎಂಬ ಓಟದ ಆಟದಲ್ಲಂತೂ ಕಂಡರಿಯದವರ ಓಟವನ್ನು ಇಳಿಸಿಕೊಂಡು ಅದರ ನೆರಳಿನ ಜೊತೆ ಪಂದ್ಯ ಕಟ್ಟಬಹುದಿತ್ತು!

ಹಾಗಾದರೆ ಇದೇಕೆ ನಿಲ್ಲಲಿಲ್ಲ? ಅಡಾಪ್ಟರಿಗೆ ದುಡ್ಡು, ಕರೆಗೆ ದುಡ್ಡು, ಅದಕ್ಕೂ ಮೊದಲು ಹುಡುಗನ ಕೈಗೊಂದು ಫೋನು. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ತಾರೀಕು. ಅಡಾಪ್ಟರ್ ಮಾರಾಟಕ್ಕೆ ಬಂದದ್ದು ಜನವರಿ 27ಕ್ಕೆ ಅಂದೆನಲ್ಲ, ಅದರ ಹಿಂದಿನ ದಿನವೇ, 26ರಂದು, ಜಪಾನಿನ ಫೋನ್ ಕಂಪನಿ ಎನ್‌ಟಿಟಿ ಡೊಕೊಮೊ ತನ್ನ ಫೋನುಗಳಿಗೆ ಐ-ಆಪ್ಲಿ ಸೇವೆ ತೆರೆದಿತ್ತು. ಅಂದರೆ ಫೋನಿನೊಳಗೇ ಇಳಿದು ಓಡುವ ಜಾವಾ ಆಟಗಳು! ಕೇಬಲ್ಲೂ ಬೇಡ, ಗೇಮ್ ಬಾಯೂ ಬೇಡ. ಫೋನನ್ನು ಬರೀ ಮೋಡೆಮ್ ಆಗಿ ದುಡಿಸಿಕೊಳ್ಳಲು ಹೊರಟವರ ಎದುರು ಫೋನೇ ಆಟದ ಯಂತ್ರವಾಗಿ ನಿಂತಿತ್ತು. 2002ರ ಡಿಸೆಂಬರಿನಲ್ಲಿ ಅಡಾಪ್ಟರಿನ ಸೇವೆ ಬಂದ್. ಮೊಬೈಲ್ 21 ಕೂಡ ಬಾಳಿದ್ದು ಕೆಲವೇ ವರ್ಷ.

ಕ್ರಿಸ್ಟಲ್‌ನಲ್ಲಿ ಇನ್ನೊಂದು ಗುಟ್ಟಿತ್ತು. ಸೆಲೆಬಿ ಎಂಬ ಅಪರೂಪದ ಪೋಕೆಮಾನ್ ಹಿಡಿಯಲು ಬೇಕಾದ ಜಿಎಸ್ ಬಾಲ್ ಸಿಗುತ್ತಿದ್ದುದು ಈ ಫೋನ್ ಸೇವೆಯಿಂದ ಮಾತ್ರ. ಅಡಾಪ್ಟರ್ ಜಪಾನ್ ಬಿಟ್ಟು ಹೊರಗೆ ಹೋಗಲೇ ಇಲ್ಲ, ಹೊರದೇಶದವರಿಗೆ ಬಾಲೂ ಸಿಗಲಿಲ್ಲ. 2018ರ ಜನವರಿಯಲ್ಲಿ ನಿಂಟೆಂಡೊ 3ಡಿಎಸ್‌ಗೆ ಕ್ರಿಸ್ಟಲ್ ಮರಳಿ ಬಂದಾಗ ಮಾತ್ರ, ಯಾರಿಗೂ ಫೋನ್ ಹಚ್ಚದೆ ಅವರೂ ಸೆಲೆಬಿ ಸಿಗುವ ಕಾಡು ಹೊಕ್ಕರು.