ಅಪರಾಧಶಾಸ್ತ್ರ: ಪದವಿಯ ಆಚೆಗಿನ ಸಿದ್ಧತೆ

ಅಪರಾಧಶಾಸ್ತ್ರ ಓದಲು ಬರುವ ವಿದ್ಯಾರ್ಥಿಗಳನ್ನು ‘ಮುಂದೇನು?’ ಎಂದು ಪ್ರತಿ ವರ್ಷ ಕೇಳುತ್ತೇನೆ. ‘ಪೊಲೀಸ್ ಅಧಿಕಾರಿ’ ಎಂಬುದೇ ಬಹುತೇಕರ ಉತ್ತರ. ಈ ಆಸೆ ತಪ್ಪಲ್ಲ. ಆದರೆ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವ ವಿಷಯದ ಪದವೀಧರರಾದರೂ ಅರ್ಜಿ ಹಾಕಬಹುದು. ಹಾಗಿದ್ದ ಮೇಲೆ ಈ ಶಾಸ್ತ್ರವನ್ನೇ ಓದಿದವರ ಬಳಿ ಇರಬೇಕಾದ ವಿಶೇಷ ಬಂಡವಾಳ ಯಾವುದು?

ಮೊದಲನೆಯದು, ಅಂಕಿ–ಅಂಶಗಳನ್ನು ವಿವೇಚನೆಯಿಂದ ಓದುವ ಶಕ್ತಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ, ದೇಶದಲ್ಲಿ 2012ರಲ್ಲಿ 24,923 ಅತ್ಯಾಚಾರ ಪ್ರಕರಣಗಳು ದಾಖಲಾಗಿದ್ದವು; 2013ರಲ್ಲಿ ಆ ಸಂಖ್ಯೆ 33,707ಕ್ಕೇರಿತು. ಒಂದೇ ವರ್ಷದಲ್ಲಿ ಕೃತ್ಯಗಳೇ ಇಷ್ಟು ಹೆಚ್ಚಿದವೇ? ನಡುವೆ ದೆಹಲಿಯ ನಿರ್ಭಯಾ ಪ್ರಕರಣ ನಡೆದಿತ್ತು. 2013ರ ತಿದ್ದುಪಡಿಯು ಅತ್ಯಾಚಾರದ ವ್ಯಾಖ್ಯೆಯನ್ನು ವಿಸ್ತರಿಸಿತು, ದೂರು ದಾಖಲಿಸದ ಪೊಲೀಸರಿಗೂ ಶಿಕ್ಷೆ ವಿಧಿಸಿತು. ಏರಿದ್ದು ಅಪರಾಧವೋ ದೂರು ಕೊಡುವ ಧೈರ್ಯವೋ ಎಂದು ಪ್ರಶ್ನಿಸಲು ಕಲಿಯದ ವಿದ್ಯಾರ್ಥಿ, ಕೋಷ್ಟಕವನ್ನು ಉರು ಹೊಡೆದರೂ ಪ್ರಯೋಜನವಿಲ್ಲ.

ಎರಡನೆಯದು, ದಾಖಲೆಗಳ ಪರಿಚಯ. ಪ್ರಥಮ ವರ್ತಮಾನ ವರದಿ, ಪಂಚನಾಮೆ, ದೋಷಾರೋಪ ಪಟ್ಟಿ, ತೀರ್ಪು ಇವುಗಳನ್ನು ಪಠ್ಯದಷ್ಟೇ ಶ್ರದ್ಧೆಯಿಂದ ಓದಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆನ್ನುತ್ತದೆ. ಈ ವ್ಯವಸ್ಥೆಗಾಗಿ ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ವಿಜ್ಞಾನ ಬಲ್ಲವರಿಗೆ ಇಲ್ಲಿ ಹೊಸ ದಾರಿಗಳು ತೆರೆಯುತ್ತಿವೆ.

ಮೂರನೆಯದೇ ಅತಿ ಕಠಿಣವಾದುದು: ತಾಳ್ಮೆಯಿಂದ ಆಲಿಸಿ, ಪೂರ್ವಗ್ರಹವಿಲ್ಲದೆ ಬರೆಯುವುದು. 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇಂಥವರಿಗೆ ಕಾನೂನು ನೆರವು ತಲುಪಿಸುವ, ಬಿಡುಗಡೆಯಾದವರಿಗೆ ನೆಲೆ ಕಲ್ಪಿಸುವ ಕೆಲಸಕ್ಕೆ ತರಬೇತಾದವರು ಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಪರಿವೀಕ್ಷಣಾಧಿಕಾರಿಯ ವರದಿಯನ್ನು ನ್ಯಾಯಾಲಯ ಪರಿಗಣಿಸುತ್ತದೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಬಾಲಕನ ವಿಷಯದಲ್ಲಿ ಬಾಲನ್ಯಾಯ ಮಂಡಳಿಯೂ ಸಾಮಾಜಿಕ ತನಿಖಾ ವರದಿಯನ್ನು ನೋಡುತ್ತದೆ. ಆತನ ಮನೆ, ಶಾಲೆ, ಸಹವಾಸಗಳನ್ನು ವಿಚಾರಿಸದೆ ಗೀಚಿದ ಎರಡು ಪುಟಗಳು ಒಂದು ಬದುಕನ್ನೇ ಕೆಡಿಸಬಲ್ಲವು.

ವಿಷಾದದ ಸಂಗತಿಯೆಂದರೆ, ನಮ್ಮ ಪರೀಕ್ಷೆಗಳು ಲೊಂಬ್ರೋಸೊ ಏನೆಂದ ಎಂದು ಕೇಳುತ್ತವೆಯೇ ಹೊರತು ಇಂತಹ ಒಂದು ವರದಿಯನ್ನು ಬರೆಸುವುದಿಲ್ಲ. ಕಾಲೇಜುಗಳು ಪದವಿ ಮುಗಿಯುವುದರೊಳಗೆ ಪ್ರತಿ ವಿದ್ಯಾರ್ಥಿಯಿಂದ ಹತ್ತು ವರದಿಗಳನ್ನಾದರೂ ಬರೆಸಿ ತಿದ್ದಲಿ. ಅಲ್ಲಿಯವರೆಗೆ ಕಾಯದೆ ವಿದ್ಯಾರ್ಥಿಗಳು ಬಿಡುವಿನ ದಿನ ಸಮೀಪದ ನ್ಯಾಯಾಲಯದಲ್ಲಿ ಕುಳಿತು ಕಲಾಪ ನೋಡಲಿ. ಅದರ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದೇ ಇರುತ್ತದೆ.